ನೆಗ್ಗು

ಇಬ್ರಿಯ ಸನಾಯ್ಯಾದಲ್ಲಿ ಬೆಳಗಿನ ಏಳಕ್ಕೇ
ಕಬ್ಬಿಣ ಕೈ ಸುಡುತ್ತದೆ.
ಸುತ್ತಿಗೆಯ ಹಿಡಿಗೆ ಒದ್ದೆ ಗೋಣಿ ಸುತ್ತುತ್ತಿದ್ದೆ,
ಬಿಳಿ ಪಿಕಪ್ಪೊಂದು ಬಂದು ನಿಂತಿತು,
ಬಂಪರು ನಡುವಿನಲ್ಲಿ ಒಳಗೆ ಹೋಗಿ,
ತುಟಿ ಕಚ್ಚಿಕೊಂಡು ತಪ್ಪು ಒಪ್ಪದ ಹುಡುಗನ ಹಾಗೆ.

ಇಳಿದವರು ಖಲ್ಫಾನ್ ಮುದುಕರು,
ಆರಡಿಯ ಮೇಲೆ ಎರಡು ಬೆರಳು, ರುಮಾಲು ಬೇರೆ.
"ವರಖಾ?" ಎಂದೆ. ಪೊಲೀಸರ ಕಾಗದವಿಲ್ಲದೆ
ಗುದ್ದಿದ ಗಾಡಿ ಮುಟ್ಟಬಾರದೆಂದು
ನಮ್ಮ ಕುಂಞಿಪ್ಪ ಸೇಠು ಗೋಡೆಗೆ ಬರೆಸಿದ್ದಾರೆ
ನಾಲ್ಕು ಭಾಷೆಯಲ್ಲಿ, ನಾಲ್ಕರಲ್ಲೂ ತಪ್ಪು.

"ನನ್ನ ತೋಟ. ನನ್ನ ಮರ. ನನ್ನ ಗಾಡಿ.
ಫಿರ್ಯಾದಿ ಯಾರು?
ಖರ್ಜೂರದ ಮರವನ್ನು ಠಾಣೆಗೆ ಕರೆತರಲೇ?"

ಇಪ್ಪತ್ತಾರು ವರ್ಷದ ಡೆಂಟರ್ ನಾನು.
ಕಾಪುವಿನಲ್ಲಿ ಕಲಿತದ್ದು ಪಾತ್ರೆಗೆ ಕಲಾಯಿ,
ಇಲ್ಲಿ ಕಲಿತದ್ದು ನೆಗ್ಗು ಓದುವುದು.
ಕಂಬವಾದರೆ ಕತ್ತಿಯ ಗೆರೆ. ಗೋಡೆಯಾದರೆ ಸುಣ್ಣ.
ಒಂಟೆಯಾದರೆ ಬಂಪರಿಗೆ ಏನೂ ಆಗದು,
ಗಾಜು ಹೋಗುತ್ತದೆ, ಕೆಲವೊಮ್ಮೆ
ಗಾಜಿನ ಹಿಂದಿದ್ದವನೂ.
ಇದು ಮರವೇ. ಮಡಿಕೆಯಲ್ಲಿ ನಾರು ಸಿಕ್ಕಿಕೊಂಡಿತ್ತು.
ಜೋರಿನ ಪೆಟ್ಟಲ್ಲ,
ಬ್ರೇಕು ಹುಡುಕುತ್ತ ಹುಡುಕುತ್ತ
ಹತ್ತಿರ ಬಂದುಬಿಟ್ಟ ಮರ.

"ತೈವಾನಿನದು ಹಾಕಿಸಿ, ಹದಿನೆಂಟು ರಿಯಾಲು,
ಒಂದು ಗಂಟೆಯ ಕೆಲಸ."
ಬೇಡವೆಂದರು. ಹೊಸದು ಹೊಳೆಯುತ್ತದೆ,
ಹೊಳೆದರೆ ಗಂಡುಮಕ್ಕಳು ಕೇಳುತ್ತಾರೆ.
"ಇದನ್ನೇ ನೆಟ್ಟಗೆ ಮಾಡು.
ಹಳೆಯ ಗೀರು ಹಳೆಯದಾಗಿಯೇ ಇರಲಿ."

ಗಾಡಿ ಒಳಗೆ ತರಲು ಹತ್ತಿ ಕೂತೆ.
ಸೀಟು ಹಿಂದೆಯೇ ಇತ್ತು, ಅವರ ಕಾಲಿನಳತೆಗೆ.
ಕನ್ನಡಿ ಮಾತ್ರ ಯಾರೋ ಕುಳ್ಳಗಿದ್ದವರಿಗೆ ಬಗ್ಗಿತ್ತು.
ನನಗೆ ಕಂಡದ್ದು ಹಿಂದಿನ ರಸ್ತೆಯಲ್ಲ, ಸೀಟಿನ ಬೆನ್ನು,
ಅಲ್ಲಿ ಎಸೆದಿದ್ದ ದಿಂಬು, ಹಸಿರು ದಾರದ ಕಸೂತಿ,
ಅದರ ನಡುವೆಯೂ ಒಂದು ನೆಗ್ಗು,
ಬಹಳ ದಿನ ಕೂತದ್ದು.

ಕೇಳಲಿಲ್ಲ ನಾನು.
ಕೇಳದೇ ಇರುವುದೂ ಇಲ್ಲಿ ಕಸುಬಿನ ಭಾಗ.

ಎರಡನೆಯ ಲೋಟ ಚಹಾದ ಹೊತ್ತಿಗೆ ಅವರೇ,
ಬಾಗಿಲಾಚೆಯ ಟಯರಿನ ಗುಡ್ಡೆಗೆ ಹೇಳುವಂತೆ:
"ಎರಡೂ ಕಾಲು ಒಟ್ಟಿಗೇ ಒತ್ತುತ್ತಾರೆ, ಮನೆಯವರು."
ಅಹ್ಲ್ ಎಂದರು, ಮನೆಯವರು.
ನಮ್ಮಲ್ಲೂ ಹಾಗೇ, ಹೆಸರು ಹೇಳುವುದಿಲ್ಲ.
ಐವತ್ತೆಂಟರ ಮೇಲೆ ಹಟ ಹುಟ್ಟಿದೆಯಂತೆ,
ತಂಗಿಯ ಮನೆಗೆ ತಾನೇ ಓಡಿಸಿಕೊಂಡು ಹೋಗಬೇಕೆಂದು.

ನೆಗ್ಗಿಗೆ ಎದುರಿನಿಂದ ಬಡಿಯುವುದಿಲ್ಲ.
ಹಿಂದಿನಿಂದ, ಅಂಚಿನಿಂದ,
ನಡುವಿಗೆ ಬರುವುದು ಕಟ್ಟಕಡೆಗೆ.
ಅವಸರ ಮಾಡಿದರೆ ತಗಡು ಹಿಗ್ಗುತ್ತದೆ,
ಹಿಗ್ಗಿದ ತಗಡು ಮತ್ತೆ ಮಾತು ಕೇಳುವುದಿಲ್ಲ.
ಮಧ್ಯಾಹ್ನದ ಬಾಂಗಿಗೆ ಮುಗಿಯಿತು. ನಾಲ್ಕು ರಿಯಾಲು.
ಬಿಸಿಲಿಗೆ ಓರೆಯಾಗಿ ನೋಡಿದರೆ
ಒಂದು ಅಲೆ ಉಳಿದಿತ್ತು. ಬಿಟ್ಟೆ.

ಮುಂದಿನ ತಿಂಗಳು ಮತ್ತೆ ಬಂದರು.
ಹಿಂದಿನ ಬಂಪರು, ಎಡ ಮೂಲೆ, ಗೇಟಿನ ನೀಲಿ ಬಣ್ಣ.
"ರಿವರ್ಸ್ ಶುರುವಾಯಿತೋ?" ಎಂದೆ.
ಗಡ್ಡದೊಳಗೇ ನಕ್ಕರು.

ಚಳಿ ಬಿದ್ದ ಮೇಲೆ ಮೂರನೆಯ ಸಲ.
ಉಗುರಿನಷ್ಟು ಗೀರು.
ಇದಕ್ಕೆ ನಾನು ಬೇಡ, ಬಟ್ಟೆ ಸಾಕು ಎಂದು
ಉಜ್ಜಿಕೊಟ್ಟೆ.
ಅವರ ಮುಖ ಯಾಕೋ ಕೊಂಚ ಇಳಿಯಿತು,
ಚಹಾಕ್ಕೆ ಇನ್ನು ನೆಪವಿಲ್ಲವೆಂಬಂತೆ.

ಮೊನ್ನೆ ಬಹ್ಲಾದ ದಾರಿಯಲ್ಲಿ,
ಪೈಂಟಿನ ಡಬ್ಬ ತರಲು ಹೊರಟವನಿಗೆ
ಎದುರಿನಿಂದ ನಲವತ್ತರಲ್ಲಿ ಬಂತು ಬಿಳಿ ಪಿಕಪ್ಪು.
ಹಿಂದೆ ಹನ್ನೊಂದು ಗಾಡಿ, ಹಾರನ್ನು.
ಗುರುತು ಸಿಕ್ಕಿದ್ದು ಬಂಪರಿನದು,
ನಾನು ಬಿಟ್ಟ ಅಲೆಯ ಮೇಲೆ ಸೂರ್ಯ ಒಮ್ಮೆ ತೊನೆದ.
ಸ್ಟಿಯರಿಂಗಿನ ಮೇಲೆ ಕರಿಯ ಸೆರಗಿನ ನೆತ್ತಿಯಷ್ಟೇ.
ಪಕ್ಕದಲ್ಲಿ ರುಮಾಲು, ನೆಟ್ಟಗೆ,
ಎರಡೂ ಕೈ ಡ್ಯಾಶಿಗೆ ಒತ್ತಿ,
ಗಾಡಿಯನ್ನು ತಾನೇ ಹಿಡಿದು ನಿಲ್ಲಿಸಿದಂತೆ.

ಇಂಡಿಕೇಟರು ಆರಿಸಲು ಇಬ್ಬರೂ ಮರೆತಿದ್ದರು.
ಎಡಕ್ಕೆ, ಎಡಕ್ಕೆ ಎನ್ನುತ್ತಲೇ
ನೇರ ಹೋಯಿತು ಗಾಡಿ.